ಎಲೆಬಳ್ಳಿಯೂ ನಮ್ಮನೆಯ ಜಳಕವೂ

ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಅದರಲ್ಲಿ ಕಡಲೆಹಿಟ್ಟು, ಹೆಸರುಹಿಟ್ಟು, ಒಣಗಿಸಿ ಕುಟ್ಟಿದ ನಿಂಬೆಸಿಪ್ಪೆ, ಒಂದು ಚಿಟಿಕೆ ಅರಿಸಿನ ಇರುತ್ತವೆ. ಮನೆಗೆ ಬಂದ ನೆಂಟರು ಜಳಕಕ್ಕೆಂದು ಒಳಗೆ ಹೋದವರು ಆ ಡಬ್ಬಿ ಹಿಡಿದುಕೊಂಡೇ ಹೊರಗೆ ಬರುತ್ತಾರೆ. "ಅಡಗಿಮನಿ ಡಬ್ಬಿ ಯಾರೋ ಮರತು ಇಲ್ಲಿಟ್ಟಾರ ನೋಡ್ರಿ" ಎಂದು ನನ್ನ ಕೈಗೆ ಕೊಟ್ಟು, ಮತ್ತೆ ಬಾಗಿಲು ಹಾಕಿಕೊಂಡು, ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗುತ್ತಾರೆ: "ಸಾಬಾಣ ಎಲ್ಲೈತ್ರಿ?" ಸಾಬಾಣ ಅಂದರೆ ಸೋಪು. ಅದು ನಮ್ಮ ಮನೆಯಲ್ಲಿ ಇಲ್ಲ. ಆಗಲೇ ಮೈಮೇಲೆ ಎರಡು ತಂಬಿಗೆ ನೀರು ಹಾಕಿಕೊಂಡು ನಿಂತ ಮನುಷ್ಯನಿಗೆ ಮುಚ್ಚಿದ ಬಾಗಿಲಿನ ಈಚೆಯಿಂದ ಈ ಸಂಗತಿಯನ್ನು ತಿಳಿಸಿ ಹೇಳುವುದು ಬಹಳ ಕಷ್ಟದ ಕೆಲಸ. ನಾನು ಸುಮ್ಮನೆ ಡಬ್ಬಿಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ, "ಇದನ್ನ ಹಚ್ಕೋರಿ" ಎಂದು ಅಲ್ಲಿಂದ ಜಾಗ ಖಾಲಿ ಮಾಡುತ್ತೇನೆ.

ಒಮ್ಮೆ ಹೀಗೆ ಯಾರೋ ಪುಣ್ಯಾತ್ಮರು ಡಬ್ಬಿಯನ್ನು ನನ್ನ ಕೈಗೆ ಕೊಡದೆ ತಾವೇ ಅಡುಗೆಮನೆಯ ಗೂಡಿನಲ್ಲಿ ಇಟ್ಟು ಹೋಗಿದ್ದರು. ಅವತ್ತು ಜಿಟಿಜಿಟಿ ಮಳೆ. ಹಿರೇಕೆರೂರಿಗೆ ಕೊಟ್ಟ ನನ್ನ ನಾದಿನಿ ಗಿರಿಜಾ ತವರಿಗೆ ಬಂದಿದ್ದಳು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳು ಮೆಣಸಿನಕಾಯಿ ಭಜಿ ಕರಿದು, ನಮ್ಮ ಮನೆಯವರಿಗೂ ಅವರ ಇಬ್ಬರು ಗೆಳೆಯರಿಗೂ ಬಡಿಸಿ ಆಗಿತ್ತು. "ಭಜಿ ಬಣ್ಣ ಭಾರೀ ಛಲೋ ಬಂದೈತ್ರಿ ವೈನಿ" ಎಂದು ಒಬ್ಬರು ನನ್ನನ್ನು ನೋಡಿ ಹೇಳಿದರು. ಒಲೆಯ ಪಕ್ಕ ಬಚ್ಚಲಿನ ಡಬ್ಬಿ ತೆರೆದಿತ್ತು; ಅಡುಗೆಮನೆಯಲ್ಲಿ ಸಿಕ್ಕಿದ್ದಕ್ಕೆ ಗಿರಿಜಾ ಅದನ್ನು ಅಡುಗೆಯದೇ ಎಂದುಕೊಂಡಿದ್ದಳು. ಆದರೆ ತಿಂದಾದ ಮೇಲೆ ಹೇಳಿ ಏನು ಮಾಡುವುದು? ಮರುದಿನ ಆ ಇಬ್ಬರಲ್ಲಿ ಒಬ್ಬರ ಹೊಟ್ಟೆ ಸ್ವಲ್ಪ ಕೆಟ್ಟಿತಂತೆ. ಇನ್ನೊಬ್ಬರ ಹೆಂಡತಿ ಫೋನ್ ಮಾಡಿ, ಹಿಟ್ಟಿಗೆ ಏನೇನು ಹಾಕುತ್ತೀರಿ ಎಂದು ಕೇಳಿದರು.

ಈ ಡಬ್ಬಿಯ ಕೀರ್ತಿ ನಾನು ವಿಜ್ಞಾನ ಕಲಿಸುವ ಶಿಗ್ಗಾವಿಯ ಶಾಲೆಯವರೆಗೂ ಹೋಗಿದೆ. ಸವಣೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವಳು ನಾನು. ಬಸ್ಸಿನಲ್ಲಿ ಆಡಿದ ಮಾತು ಎಲ್ಲಿಯೂ ನಿಲ್ಲುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಹೆಡ್‌ಮಾಸ್ತರರು ಕರೆದು, "ಮೇಡಮ್ಮಾರ, ಪರಿಸರ ಸಂಘದ ಮಕ್ಕಳಿಗೆ ಈ ಸಲ ನೀವ ಮಾತಾಡ್ರಿ. ನಿಮ್ಮ ಮನಿಯೊಳಗ ಸಾಬಾಣನ ಇಲ್ಲಂತಲ್ರಿ" ಅಂದರು. ಮಾತಾಡಿದೆ. ನೊರೆಯ ನೀರು ಕೆರೆಗೆ ಸೇರಿದರೆ ಏನಾಗುತ್ತದೆ, ಅಂಟವಾಳದ ಕಾಯಲ್ಲಿ ಬಟ್ಟೆ ಹೇಗೆ ಒಗೆಯಬಹುದು, ಪಾತ್ರೆಗೆ ಬೂದಿ ಹೇಗೆ ಒಳ್ಳೆಯದು ಎಲ್ಲ ಹೇಳಿದೆ. ಬೋರ್ಡಿನ ಮೇಲೆ ಒಂದು ಕೆರೆಯ ಚಿತ್ರವನ್ನೂ ಬರೆದೆ. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ನೀವು ಇದನ್ನೆಲ್ಲಾ ಯಾಕ ಶುರು ಮಾಡಿದ್ರಿ?" ಎಂದು ಕೇಳಿದಳು. "ಪರಿಸರದ ಕಾಳಜಿಯಿಂದಮ್ಮ" ಎಂದೆ. ಚಪ್ಪಾಳೆ ಬಿತ್ತು.

ನಿಮ್ಮ ಹತ್ತಿರ ಮುಚ್ಚಿಡುವುದೇನು? ನಾನು ಶುರು ಮಾಡಿದ್ದು ಅತ್ತೆಯ ಅಂಜಿಕೆಗೆ. ಅತ್ತೆ ಮಾಡಿದ್ದು ಒಂದು ಬಳ್ಳಿಯ ಅಂಜಿಕೆಗೆ.

ನಮ್ಮ ಬಚ್ಚಲಿನ ನೀರು ಹಿಂದಿನ ಗೋಡೆಯ ತೂತಿನಿಂದ ಹಿತ್ತಲಿಗೆ ಇಳಿದು, ಒಂದು ಸಣ್ಣ ಕಾಲುವೆಯಲ್ಲಿ ಹರಿದು, ನುಗ್ಗೆಗಿಡದ ಬುಡಕ್ಕೆ ಹೋಗುತ್ತದೆ. ಆ ನುಗ್ಗೆಗೆ ವೀಳ್ಯದೆಲೆಯ ಬಳ್ಳಿ ಹಬ್ಬಿದೆ. ಸವಣೂರಿನಲ್ಲಿ ಎಲೆತೋಟಕ್ಕೆ ಬರವಿಲ್ಲ. ಎಲೆ ಬೇಕಾದರೆ ಪೇಟೆಗೆ ಹೋದರೆ ಕಟ್ಟುಗಟ್ಟಲೆ ಸಿಗುತ್ತದೆ. ಆದರೆ ಮನೆಯ ಹಿತ್ತಲಲ್ಲಿ ಒಂದೇ ಒಂದು ಬಳ್ಳಿಯನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ನಮ್ಮ ಓಣಿಯಲ್ಲಿ ನಮ್ಮ ಅತ್ತೆ ಚನ್ನವ್ವ ಒಬ್ಬರೇ. ಎಲೆಬಳ್ಳಿ ಬಹಳ ಸೂಕ್ಷ್ಮದ್ದು. ಬಿಸಿಲು ಹೆಚ್ಚಾದರೆ ಆಗುವುದಿಲ್ಲ, ನೀರು ನಿಂತರೆ ಆಗುವುದಿಲ್ಲ, ನೀರು ತಪ್ಪಿದರಂತೂ ಆಗುವುದೇ ಇಲ್ಲ. ವರ್ಷಕ್ಕೊಮ್ಮೆ ಅದನ್ನು ಇಳಿಸಬೇಕು. ಅಂದರೆ ಮೇಲೆ ಹೋದ ಬಳ್ಳಿಯನ್ನು ನುಗ್ಗೆಯಿಂದ ಮೆಲ್ಲಗೆ ಬಿಡಿಸಿ, ಬುಡದಲ್ಲಿ ಸಿಂಬೆಯಂತೆ ಸುತ್ತಿ, ಕೆಂಪು ಮಣ್ಣು ಗೊಬ್ಬರ ಮುಚ್ಚಿ, ತುದಿಯನ್ನಷ್ಟೇ ಮತ್ತೆ ಗಿಡಕ್ಕೆ ಹಚ್ಚಿ ಕಟ್ಟಬೇಕು. ಅವತ್ತು ಅತ್ತೆ ಊಟ ಮಾಡುವುದು ಕೆಲಸ ಮುಗಿದ ಮೇಲೆಯೇ. ಬಳ್ಳಿಯ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಜೋರಾಗಿ ಜಗಳಾಡುವಂತಿಲ್ಲ. ನಮ್ಮ ಮನೆಯಲ್ಲಿ ಜಗಳಗಳು ಯಾವಾಗಲೂ ಮುಂದಿನ ಪಡಸಾಲೆಯಲ್ಲೇ ನಡೆಯುತ್ತವೆ.

ಹೀಗಾಗಿ ಸೋಪು, ಶಾಂಪೂ, ಫಿನಾಯಿಲು ಯಾವುದಕ್ಕೂ ಬಚ್ಚಲಿಗೆ ಪ್ರವೇಶವಿಲ್ಲ. ಮೈಗೆ ಹಿಟ್ಟು, ತಲೆಗೆ ಸೀಗೆಕಾಯಿ, ಬಟ್ಟೆಗೆ ಅಂಟವಾಳ. ನಮ್ಮ ಮಗನ ಶಾಲೆಯ ಬಿಳಿ ಅಂಗಿಗಳು ಯಾವತ್ತೂ ಸ್ವಚ್ಛವಾಗಿದ್ದವು, ಯಾವತ್ತೂ ಬೆಳ್ಳಗೆ ಇರಲಿಲ್ಲ. ಹೈಸ್ಕೂಲಿಗೆ ಹೋದ ಮೇಲೆ ಆ ಹುಡುಗ ವಾರಕ್ಕೊಮ್ಮೆ ಬ್ಯಾಗಿನಲ್ಲಿ ಟವೆಲ್ ಇಟ್ಟುಕೊಂಡು ಗೆಳೆಯನ ಮನೆಗೆ ಜೊತೆಯಲ್ಲಿ ಓದಲು ಹೋಗುತ್ತಿದ್ದ; ಬರುವಾಗ ತಲೆಗೂದಲು ಹಾರಾಡುತ್ತಿತ್ತು. ಈಗ ಅವನು ದೂರದ ಊರಿನ ಹಾಸ್ಟೆಲಿನಲ್ಲಿದ್ದಾನೆ. ನಮ್ಮ ಮನೆಯವರದು ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಕೈತುಂಬ ಗ್ರೀಸು. ಅಂಗಡಿಯಲ್ಲಿ ಒಂದು ಸೋಪು ಇಟ್ಟುಕೊಂಡಿದ್ದಾರೆ, ಅದು ಅಂಗಡಿಯಲ್ಲೇ ಇರಬೇಕು. ನನ್ನದು ಹಾನಗಲ್ಲಿನ ಕಡೆಯ ತವರು. ಅಲ್ಲಿ ನಮ್ಮಪ್ಪ ಸವೆದ ಸೋಪಿನ ಚೂರುಗಳನ್ನೆಲ್ಲ ಹೊಸ ಸೋಪಿನ ಬೆನ್ನಿಗೆ ಒತ್ತಿ ಒತ್ತಿ ಅಂಟಿಸುತ್ತಿದ್ದರು. ನಮ್ಮ ಸೋಪು ಯಾವಾಗಲೂ ಮೂರು ಬಣ್ಣದ್ದು. ಮದುವೆಯಾದ ಹೊಸದರಲ್ಲಿ ತವರಿಗೆ ಹೋದಾಗ ಎರಡು ಹೊತ್ತು ಜಳಕ ಮಾಡಿಬಿಡುತ್ತಿದ್ದೆ. ತಿರುಗಿ ಬಂದು ಹೊಸ್ತಿಲು ದಾಟುವಾಗಲೇ ಅತ್ತೆಗೆ ವಾಸನೆ ಹತ್ತುತ್ತಿತ್ತು. "ನಾಳಿ ಎರಡ ಸಲ ಹಿಟ್ಟ ಹಚ್ಚಿ ತಿಕ್ಕೋವಾ. ಹಾನಗಲ್ಲು ಹೋಗಲಿ ಮೈಯಿಂದ" ಎನ್ನುತ್ತಿದ್ದರು. ಆಗ ನನಗೆ ಸಿಟ್ಟು ಬರುತ್ತಿತ್ತು. ಒಂದು ಬಳ್ಳಿಯ ಸಲುವಾಗಿ ಮನೆಯ ಮಂದಿಯೆಲ್ಲ ಹಿಟ್ಟು ಮೆತ್ತಿಕೊಳ್ಳುವುದು ಎಂದರೆ ಏನು ಅಂತ ತವರಿನಲ್ಲಿ ಅವ್ವನ ಮುಂದೆ ಅತ್ತದ್ದೂ ಉಂಟು. ಆಮೇಲೆ ರೂಢಿಯಾಯಿತು. ಈಗ ಎಲ್ಲಿಯಾದರೂ ಸೋಪಿನಲ್ಲಿ ಮೈ ತೊಳೆದರೆ ಚರ್ಮ ಬಿಗಿದಂತಾಗಿ ಯಾರದೋ ರವಿಕೆ ತೊಟ್ಟಂತೆ ಅನ್ನಿಸುತ್ತದೆ.

ಗಿರಿಜಾಳ ಮದುವೆಯ ಕಥೆ ಹೇಳದಿದ್ದರೆ ಅತ್ತೆಗೆ ಅನ್ಯಾಯ ಮಾಡಿದಂತೆ. ಹಿರೇಕೆರೂರಿನಿಂದ ಬೀಗರ ಕಡೆಯವರು ಒಂದು ಟೆಂಪೋ ತುಂಬ ಹಿಂದಿನ ದಿನವೇ ಬಂದು ಇಳಿದರು. ಬೀಗರಿಗೆ ಹಿಟ್ಟಿನ ಡಬ್ಬಿ ಕೊಡುವುದು ಹೇಗೆ? ಬೆಳಗಾಗುವುದರೊಳಗೆ ಎಲ್ಲರೂ ತಮ್ಮ ತಮ್ಮ ಸೋಪು ತೆಗೆದು ನೊರೆನೊರೆಯಾಗಿ ಜಳಕ ಮಾಡಿದರು. ಅತ್ತೆ ಮಗಳ ಮದುವೆಯ ಗಡಿಬಿಡಿಯಲ್ಲೂ ಹಿತ್ತಲ ಬಾಗಿಲಿಗೆ ಬಂದು ಬಂದು ಕಾಲುವೆಯಲ್ಲಿ ತೇಲಿ ಹೋಗುವ ಬುರುಗು ನೋಡುತ್ತಿದ್ದರು. ಮದುವೆಯಾಗಿ ಸ್ವಲ್ಪ ದಿನಕ್ಕೆ ಬಳ್ಳಿ ಹಳದಿಯಾಯಿತು, ಎಲೆ ಉದುರಿದವು, ಗೇಣುದ್ದ ಹಸಿರು ಮಾತ್ರ ಉಳಿಯಿತು. ಅತ್ತೆಯ ಬಾಯಲ್ಲಿ ಅವತ್ತಿನಿಂದ ಹಿರೇಕೆರೂರು ಎಂದರೆ "ಸಾಬಾಣದ ಊರು". ಅಷ್ಟು ಮಂದಿಯ ಜಳಕದ ನೀರು ಒಮ್ಮೆಗೇ ನಿಂತು ಬೇರು ಕೊಳೆತಿರಬಹುದು, ಸೋಪಿನದೇ ತಪ್ಪು ಇರಲಿಕ್ಕಿಲ್ಲ ಎಂದು ನನಗೆ ಅನುಮಾನ. ವಿಜ್ಞಾನ ಕಲಿಸುವವಳಾದರೂ ಆ ಮಾತನ್ನು ಅತ್ತೆಯ ಮುಂದೆ ಇದುವರೆಗೆ ಆಡಿಲ್ಲ.

ಬಳ್ಳಿಯ ಎಲೆ ಅತ್ತೆ ಮಾರುವುದಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಾದರೂ ತೊಟ್ಟಿಲಿರಲಿ, ನಿಶ್ಚಯವಿರಲಿ, ಉಡಿ ತುಂಬುವುದಿರಲಿ, "ಚನ್ನವ್ವಾರ, ಐದು ಎಲಿ ಕೊಡ್ರಿ" ಎಂದು ಬರುತ್ತಾರೆ. ನಿಂತುಕೊಂಡು ಎಲೆ ಒಯ್ಯುವಂತಿಲ್ಲ ಎಂಬುದು ಅತ್ತೆ ತಾವೇ ಮಾಡಿದ ಕಾಯಿದೆ. ಬಂದವರು ಕೂರಬೇಕು. ಅತ್ತೆ ಹಿತ್ತಲಿಗೆ ಹೋಗಿ, ಒಂದೊಂದೇ ಎಲೆ ನೋಡಿ, ಉಗುರಿನಿಂದ ಚಿವುಟಿ ತರುವವರೆಗೆ ಕೂರಬೇಕು. ತಂದ ಮೇಲೆ ಒಂದಿಷ್ಟು ಮಾತು. ಮಾತು ಮುಗಿದ ಮೇಲೆ ಎಲೆ. ಅವಸರದವರು ಪೇಟೆಗೆ ಹೋಗಬಹುದು.

ಇನ್ನು ಹೋದ ವರ್ಷದ ಬೇಸಿಗೆಗೆ ಬರುತ್ತೇನೆ. ಅತ್ತೆಗೆ ಸಕ್ಕರೆ ಕಾಯಿಲೆ ಬಹಳ ವರ್ಷದ್ದು. ಅದರ ಮೇಲೆ ಬೆನ್ನು, ಸೊಂಟ, ಕಾಲಿಗೆಲ್ಲ ಹುಳಕಡ್ಡಿ ಎದ್ದಿತು. ಕುಳಿತಲ್ಲಿ ಕೂರಲಾರರು, ಪಡಸಾಲೆಯ ಕಂಬಕ್ಕೆ ಬೆನ್ನು ಉಜ್ಜುತ್ತ ನಿಲ್ಲುವರು. ನಮ್ಮ ಮನೆ ನೈಸರ್ಗಿಕ ಮನೆಯಲ್ಲವೇ? ಬೇವಿನ ತಪ್ಪಲು ಅರೆದು ಹಚ್ಚಿದೆವು, ಅರಿಸಿನ ಹಚ್ಚಿದೆವು, ತುಳಸಿ ರಸ ಹಚ್ಚಿದೆವು. ಪರಿಸರ ಸಂಘದ ನಾನೇ ಮುಂದೆ ನಿಂತು ಅರೆದೆ. ಕಡಿಮೆಯಾಗಲಿಲ್ಲ. ಕೆರೆದು ಕೆರೆದು ಕಾಲಿನ ಕಿರುಬೆರಳ ಹತ್ತಿರ ಗಾಯವಾಗಿ, ಗಾಯ ಕಪ್ಪಾಗತೊಡಗಿದಾಗ ಹೆದರಿ ಶಿಗ್ಗಾವಿಗೆ ಕರೆದುಕೊಂಡು ಹೋದೆ.

ಡಾಕ್ಟರು ನೋಡಿದರು. "ಬೇವಿನ ತಪ್ಪಲ ಇನ್ನ ಸಾಕು ಮಾಡ್ರಿ" ಎಂದು ನನಗೆ ಹೇಳಿದರು. ಗುಳಿಗೆ, ಮುಲಾಮು, ಜೊತೆಗೆ ಒಂದು ಔಷಧದ ಸೋಪು ಬರೆದರು. ದಿನಾ ಮೈತುಂಬ ಅದನ್ನೇ ಹಚ್ಚಿ ಜಳಕ ಮಾಡಿಸಬೇಕು, ತಪ್ಪಿಸಬಾರದು. "ಈ ಹುಳಕಡ್ಡಿ ಹೋಗೂತನಕ ಗಾಯ ಮಾಯೂದಿಲ್ಲಜ್ಜಿ. ಮಾಯಲಿಲ್ಲಂದ್ರ ಬೆರಳ ತಗೀಬೇಕಾಗ್ತೈತಿ. ಆಮ್ಯಾಲ ನನ್ನ ಅನಬ್ಯಾಡ್ರಿ."

 ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಕುಳಿತಿದ್ದರು. ಬೆರಳಿನ ಚಿಂತೆ ಇರಬೇಕು ಎಂದುಕೊಂಡೆ. ಊರು ಹತ್ತಿರ ಬಂದಾಗ ನನ್ನ ಕಡೆ ತಿರುಗಿ ಕೇಳಿದರು.

"ಆ ನೀರು ಎಲ್ಲಿ ಹೋಗ್ತೈತಿ?"

"ಯಾವ ನೀರ್ರಿ?"

"ಆ ಸಾಬಾಣದ ನೀರು."

ಮನೆಗೆ ಬಂದ ಮೇಲೆ ಗೊತ್ತಾಯಿತು, ಅವರ ನಿರ್ಧಾರ ಬಸ್ಸಿನಲ್ಲೇ ಆಗಿಬಿಟ್ಟಿತ್ತು. ಗುಳಿಗೆ ನುಂಗುತ್ತಾರೆ, ಮುಲಾಮು ಹಚ್ಚಿಕೊಳ್ಳುತ್ತಾರೆ, ಸೋಪು ಮುಟ್ಟುವುದಿಲ್ಲ. ನಾನು ಹೇಳಿದೆ, ಗಿರಿಜಾ ಫೋನಿನಲ್ಲಿ ಅತ್ತು ಹೇಳಿದಳು. ಅವಳಿಗೆ ಅತ್ತೆ, "ನೀ ಸಾಬಾಣದ ಊರಾಕಿ, ನೀ ಹಂಗ ಹೇಳಾಕಿನ" ಎಂದು ಫೋನು ನನ್ನ ಕೈಗೆ ಕೊಟ್ಟರು. ರಾತ್ರಿ ಊಟಕ್ಕೆ ಕೂತಾಗ ಮಗ, ಅಂದರೆ ನಮ್ಮ ಮನೆಯವರು, ಕೇಳಿದರು.

"ಅವ್ವಾ, ಬೆರಳು ಹೋಗ್ತೈತಿ ಅಂತ ಡಾಕ್ಟರು ಹೇಳ್ಯಾರ. ತಿಳೀತೈತಿಲ್ಲ ನಿನಗ?"

"ಹೋದ್ರ ಹೋಗ್ಲಿ. ಇನ್ನಾ ಒಂಬತ್ತು ಇರ್ತಾವಲ್ಲ."

"ಹಂಗಾರ ಆ ಬಳ್ಳೀನ ಕಡದು ಒಗದಬಿಡ್ತೇನಿ ನೋಡು!"

"ಕಡಿಯಪಾ. ಕಡದು ಬಾ, ಆಮ್ಯಾಲ ನನಗ ಜಳಕಾ ಮಾಡ್ಸು."

ಅವರು ತಟ್ಟೆ ಬಿಟ್ಟು ಎದ್ದು ಧಡಧಡನೆ ಹಿತ್ತಲಿಗೆ ಹೋದರು. ನನಗೆ ಗಾಬರಿಯಾಯಿತು. ಅತ್ತೆ ಮಾತ್ರ ರೊಟ್ಟಿ ಮುರಿಯುತ್ತ ಕೂತಿದ್ದರು. ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಎರಡು ಎಲೆ ಚಿವುಟಿಕೊಂಡು ಬಂದು, ಅಡಿಕೆ ಹುಡುಕಿ, ಹಾಕಿಕೊಂಡು ಮಲಗಿಬಿಟ್ಟರು. ಹುಟ್ಟಿದಾಗಿನಿಂದ ಆ ಎಲೆ ತಿಂದವರ ಕೈಯಲ್ಲಿ ಅದು ಆಗುವ ಕೆಲಸವೇ?

ಮರುದಿನ ಅತ್ತೆಯ ಕಾಲಿಗೆ ಪಟ್ಟಿ ಕಟ್ಟುತ್ತ ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ. "ಅತ್ತಿ, ಒಂದು ಬಳ್ಳಿ ನಿಮಗ ಕಾಲಿಗಿಂತ ದೊಡ್ಡದಾತೇನ್ರಿ? ಪ್ಯಾಟ್ಯಾಗ ಎಲಿ ಸಿಗೂದಿಲ್ಲೇನು?"

"ಎಲಿ ಸಿಗ್ತೈತವಾ" ಎಂದರು. "ಮಂದಿ ಸಿಗೂದಿಲ್ಲ. ನೀವಿಬ್ರೂ ಮುಂಜಾನೆ ಹೋದ್ರ ಸಂಜಿಗೆ ಬರ್ತೀರಿ. ನನಗ ಹೊರಗ ಹೋಗಾಕ ಕಾಲಿಲ್ಲ. ಎಲಿ ಕೇಳಾಕ ಬಂದಾಕಿ ಒಂದೀಟು ಕುಂತು ಮಾತಾಡಿ ಹೋಗ್ತಾಳ. ಬಳ್ಳಿ ಸತ್ರ ನನ್ನ ಹಂತ್ಯಾಕ ಯಾರ ಬರ್ತಾರ, ಯಾಕ ಬರ್ತಾರ?"

 ನಿಂತು ಎಲೆ ಒಯ್ಯಬಾರದು ಎನ್ನುವ ಕಾಯಿದೆಯನ್ನು ನಾನು ಇಷ್ಟು ವರ್ಷ ಮಡಿಯ ಲೆಕ್ಕಕ್ಕೆ ಸೇರಿಸಿ ನಕ್ಕಿದ್ದೆ. ಅವತ್ತು ಶಾಲೆಯಲ್ಲಿ ಪಾಠ ಮಾಡುವಾಗಲೂ ಅದೇ ತಲೆಯಲ್ಲಿತ್ತು. ಬಳ್ಳಿಯನ್ನೂ ಉಳಿಸಬೇಕು, ಕಾಲನ್ನೂ ಉಳಿಸಬೇಕು. ಒಂದು ಬಿಟ್ಟು ಒಂದನ್ನು ಉಳಿಸಿದರೆ ಈ ಮುದುಕಿಗೆ ಉಪಯೋಗವಿಲ್ಲ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಯಿತು.

ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸುವುದು ಕಷ್ಟವೇನಿರಲಿಲ್ಲ. ಭಾನುವಾರ ನಮ್ಮ ಮನೆಯವರು ಹಿತ್ತಲ ಕಡೆಯ ತೂತಿಗೆ ಸಿಮೆಂಟು ಮೆತ್ತಿ, ಪಕ್ಕದ ಗೋಡೆ ಕೊರೆದು, ಪೈಪು ಹಾಕಿ, ನೀರು ಮುಂದಿನ ಗಟಾರಕ್ಕೆ ಹೋಗುವಂತೆ ಮಾಡಿದರು. ಸಂಜೆ ಅತ್ತೆಯನ್ನು ಕರೆದು, ಒಂದು ಕೊಡ ನೀರು ಸುರಿದು ತೋರಿಸಿದರು. ಅತ್ತೆ ಬಾಗಿ ನೋಡಿದರು, ಆಮೇಲೆ ಮುಂಬಾಗಿಲಿಗೆ ಹೋಗಿ ಅಲ್ಲಿಯೂ ನೋಡಿದರು. "ಛಲೋ ಆತು" ಎಂದರು. ನಾವು ಗೆದ್ದೆವು ಎಂದುಕೊಂಡೆವು.

"ಮತ್ತ ಬಳ್ಳಿಗೆ ನೀರು?"

 ಬೇಸಿಗೆಯಲ್ಲಿ ನಳಕ್ಕೆ ಹೊಳೆಯ ನೀರು ಬರುವುದು ವಾರಕ್ಕೊಮ್ಮೆ, ಕೆಲವೊಮ್ಮೆ ಅದೂ ಇಲ್ಲ. ಅದನ್ನೇ ತುಂಬಿಟ್ಟುಕೊಂಡು ಕುಡಿಯಬೇಕು, ಜಳಕ ಮಾಡಬೇಕು. ಬೋರಿನ ನೀರು ಸೌಳು, ಉಪ್ಪುಪ್ಪು. ಎರಡು ದಿನ ಹಾಕಿದರೆ ಎಲೆಯ ಅಂಚು ಸುಡುತ್ತದೆ. ಇಷ್ಟು ದಿನ ಆ ಬಳ್ಳಿ ಬದುಕಿದ್ದೇ ನಮ್ಮ ಮೈ ತೊಳೆದ ನೀರಿನಿಂದ. ಜಳಕದ ನೀರು ಹೊರಗೆ ಹೋಯಿತೆಂದರೆ ಬಳ್ಳಿ ಸೋಪಿನಿಂದ ಸಾಯುವ ಬದಲು ಬಾಯಾರಿ ಸಾಯುತ್ತದೆ. ಅತ್ತೆ ಹೋಗಿ ಮತ್ತೆ ಕಂಬಕ್ಕೆ ಬೆನ್ನು ಹಚ್ಚಿ ನಿಂತರು. ಅವರು ಬೆನ್ನು ಉಜ್ಜುವುದನ್ನು ನೋಡುತ್ತ ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು.

"ನೀವು ಬಚ್ಚಲದಾಗ ಮಾಡ್ರಿ. ನಾವಿಬ್ರೂ ಹಿತ್ತಲದಾಗ, ಬಳ್ಳಿ ಬುಡಕ್ಕ ಜಳಕಾ ಮಾಡ್ತೇವಿ. ಹಿಟ್ಟ ಹಚ್ಚಿಕೊಂಡ."

ನಮ್ಮ ಮನೆಯವರು ನನ್ನನ್ನು ಒಮ್ಮೆ ನೋಡಿದರು. "ನಾನೇನು ಕೆರಿ ದಂಡ್ಯಾಗಿನ ಎಮ್ಮೀನೇನು?" ಎಂದರು. ಅತ್ತೆ ಬೆನ್ನು ಉಜ್ಜುವುದನ್ನು ನಿಲ್ಲಿಸಿದರು. "ಅಂವ ಸಣ್ಣಾಂವಿದ್ದಾಗ ಅಲ್ಲೇ ಜಳಕಾ ಮಾಡ್ತಿದ್ದ. ಬಳ್ಳಿ ಭಾರೀ ಛಲೋ ಹಬ್ಬಿತ್ತು ಆವಾಗ" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಕಾಲುವೆಯ ಮೇಲ್ಗಡೆ ಒಂದು ಹಾಸುಗಲ್ಲು ಹಾಕಿಕೊಂಡೆವು. ನಾಲ್ಕು ಬಿದಿರು ನೆಟ್ಟು, ಮೆಕ್ಕೆಜೋಳ ಒಣಗಿಸುವ ತಾಡಪತ್ರಿ ಸುತ್ತಿದೆವು. ಮೂರು ಕಡೆಗೆ ಸಾಕಾಯಿತು, ನಾಲ್ಕನೆಯ ಕಡೆಗೆ ನನ್ನ ಎರಡು ಹಳೆಯ ಸೀರೆ. ಬೆಳಕು ಹರಿಯುವ ಮುಂಚೆಯೇ ನಾನು ಮುಗಿಸಿಬಿಡುತ್ತಿದ್ದೆ. ನಮ್ಮ ಮನೆಯವರು ಏಳುವುದು ತಡ. ಪಕ್ಕದ ಮನೆಗೆ ಹೊಸದಾಗಿ ಮಹಡಿ ಬಂದಿದೆ. ಅದರ ಮೇಲೆ ನಿವೃತ್ತ ಪೋಸ್ಟ್ ಮಾಸ್ತರರು ಯೋಗ ಮಾಡುತ್ತಾರೆ. ತಾಡಪತ್ರಿಗೆ ಮೇಲೆ ಮುಚ್ಚಿಗೆ ಇಲ್ಲ ಎಂಬುದು ಇಬ್ಬರಿಗೂ ಒಂದೇ ದಿನ ಗೊತ್ತಾಯಿತು. "ಏನ್ರೀ, ಜಳಕಾ ನಡದೈತೇನ್ರಿ?" ಎಂದು ಅವರು ಮೇಲಿನಿಂದ ಗೌರವವಾಗಿಯೇ ಕೇಳಿದರಂತೆ. "ಹೌದ್ರಿ, ಬರ್ರಿ" ಎಂದು ಇವರು ರೂಢಿಯ ಮೇಲೆ ಹೇಳಿಬಿಟ್ಟರಂತೆ. ಅವತ್ತೇ ಹೊದಿಕೆಯೂ ಬಂತು.

ಮೊದಲ ದಿನ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ಮಗನ ಜಳಕದ ನೀರು ಸೀದಾ ಬುಡಕ್ಕೆ ಹೋಗುತ್ತದೋ ಇಲ್ಲವೋ ಎಂದು ಕಣ್ಣಾರೆ ನೋಡಿದರು. "ಆ ಕಡೆ ಸರದು ನಿಂದ್ರೋ, ಬೇರು ಈ ಕಡೆ ಐತಿ" ಎಂದು ಕೂಗಿ ಹೇಳಿದರು. ಆಮೇಲೆ ಎದ್ದು ನನ್ನ ಹೆಗಲು ಹಿಡಿದು ಬಚ್ಚಲಿಗೆ ಬಂದರು. ಬೆನ್ನಿಗೆ ಅವರ ಕೈ ನಿಲುಕುವುದಿಲ್ಲ, ಆದ್ದರಿಂದ ದಿನಾ ನಾನೇ ಮೈ ತೊಳೆಸಬೇಕಾಯಿತು. ಸೋಪು ಹಸಿರು ಬಣ್ಣದ್ದು, ಆಸ್ಪತ್ರೆಯ ವಾಸನೆಯ ಹಿಂದೆ ಎಲ್ಲೋ ಸ್ವಲ್ಪ ಹೂವಿನ ವಾಸನೆ. ತೋಳಿನ ಮೇಲೆ ನೊರೆ ಎದ್ದಾಗ ಅದನ್ನೇ ನೋಡುತ್ತ, "ಇಷ್ಟೊಂದ ಬುರುಗ ಬರ್ತೈತಾ" ಎಂದರು.  ಆಮೇಲೆ ನೀರು ಯಾವ ಕಡೆ ಹೋಗುತ್ತದೆ ಎಂದು ಬಾಗಿ ನೋಡಿದರು.

ಹುಳಕಡ್ಡಿ ಮೆಲ್ಲಗೆ ಬಣ್ಣ ಕಳೆದುಕೊಂಡಿತು. ಗಾಯದ ಕಪ್ಪು ಹೋಗಿ ಕೆಂಪಾಯಿತು, ಕೆಂಪು ಹೋಗಿ ತೆಳುವಾಗಿ ಚರ್ಮ ಬಂತು. ಬಳ್ಳಿಯೂ ಆ ಬೇಸಿಗೆ ದಾಟಿತು. ಮಳೆ ಹಿಡಿಯುವ ಹೊತ್ತಿಗೆ ಮತ್ತೆ ಶಿಗ್ಗಾವಿಗೆ ಹೋದೆವು. ಡಾಕ್ಟರು ಕಾಲನ್ನು ತ್ರಾಸಿನಲ್ಲಿ ತೂಗುವವರ ಹಾಗೆ ಎತ್ತಿ ನೋಡಿ, "ಪೂರಾ ಮಾಯ್ದೈತಿ. ಸಾಬಾಣ ಇನ್ನ ಬ್ಯಾಡ" ಎಂದರು. ನನಗಾದ ಖುಷಿ ಅಷ್ಟಿಷ್ಟಲ್ಲ. ಆ ತಾಡಪತ್ರಿಯ ಕೆಸರಿನಿಂದ ಬಿಡುಗಡೆ ಸಿಗುತ್ತದಲ್ಲ ಎಂಬ ಖುಷಿಯೂ ಅದರಲ್ಲಿ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅತ್ತೆಯ ಮುಖದಲ್ಲಿ ಮಾತ್ರ ಅಂಥ ಸಂತೋಷ ಕಾಣಲಿಲ್ಲ.

ಮರುದಿನ ನಾನು ಹಿಟ್ಟಿನ ಡಬ್ಬಿ ತೆಗೆದಾಗ, "ಇನ್ನಾ ಸ್ವಲ್ಪ ಬೆನ್ನ ಕೆರೀತೈತಿ" ಎಂದರು. ಸೋಪು ಹಚ್ಚಿದೆ, ಡಾಕ್ಟರರ ಮಾತನ್ನು ನಮ್ಮ ಮನೆಯವರಿಗೆ ಹೇಳುವುದನ್ನೂ ಮುಂದೂಡಿದೆ. ಅದರ ಮರುದಿನ ತೋಳು ಕೆರೆಯಿತು. ಇನ್ನೊಂದು ದಿನ ಕುತ್ತಿಗೆ. ನಾನು ಬೆನ್ನು, ತೋಳು, ಕುತ್ತಿಗೆ ಎಲ್ಲ ತಿರುಗಿಸಿ ತಿರುಗಿಸಿ ನೋಡಿದೆ. ಮಗುವಿನ ಮೈಯಂತೆ ನುಣ್ಣಗಿತ್ತು. ಸೋಪು ಸವೆದು ಬಿಲ್ಲೆಯಷ್ಟಾಗಿತ್ತು. ನಾನು ಮೈ ಒರೆಸಿ ಸೀರೆ ತರಲು ಹೋಗಿ ಬರುವಷ್ಟರಲ್ಲಿ ಅತ್ತೆ ತಮ್ಮ ಎರಡೂ ಅಂಗೈಗಳನ್ನು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು.

ನನ್ನ ಕಾಲಸಪ್ಪಳಕ್ಕೆ ಕಣ್ಣು ತೆರೆದರು. ಕೈ ಇಳಿಸಲಿಲ್ಲ.

"ನಮ್ಮ ಚಿಕ್ಕೇರೂರಾಗ ನಮ್ಮಪ್ಪ ಸಂತಿಗೆ ಹೋದ್ರ ಒಂದ ಸಾಬಾಣ ತರ್ತಿದ್ದ. ಗುಲಾಬಿ ಬಣ್ಣದ್ದು. ನಾನು ನಮ್ಮಕ್ಕ ಅದಕ್ಕ ಬಡಿದಾಡ್ತಿದ್ವಿ. ಮದುವಿ ಮಾಡ್ಕೊಂಡು ಈ ಮನಿಗೆ ಬಂದ ಮ್ಯಾಲ ಮುಟ್ಟಿಲ್ಲ."

"ಯಾಕ್ರಿ?"

"ಬಳ್ಳಿ ಇತ್ತಲ್ಲವಾ. ನನಗೂ ಅತ್ತಿ ಇದ್ಲಲ್ಲ."

ಇಷ್ಟು ವರ್ಷ ಈ ಹೆಂಗಸನ್ನು ನಾನು ಕಾಯಿದೆ ಮಾಡುವವಳು ಎಂದೇ ತಿಳಿದಿದ್ದೆ. ಅವರೂ ಒಂದು ಕಾಯಿದೆಯೊಳಗೆ ಬಂದು ನಿಂತ ಹುಡುಗಿ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನನಗಾದರೆ ತವರಿತ್ತು, ಮಗನಿಗೆ ಗೆಳೆಯನ ಮನೆಯಿತ್ತು, ಗಂಡನಿಗೆ ಅಂಗಡಿಯಿತ್ತು. ಆ ಬಳ್ಳಿಗೆ ಮೋಸ ಮಾಡದೆ ಇದ್ದವರು ಅವರೊಬ್ಬರೇ. 

ಶಾಲೆ ಬಿಟ್ಟ ಮೇಲೆ ಶಿಗ್ಗಾವಿಯ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಒಂದು ಗುಲಾಬಿ ಬಣ್ಣದ ಸೋಪು ಕೊಂಡೆ. ಪರಿಸರ ಸಂಘದ ಮಕ್ಕಳು ಯಾರೂ ಹತ್ತಿರ ಇಲ್ಲ ಎಂದು ನೋಡಿಕೊಂಡೇ ಕೊಂಡೆ. ಮರುದಿನ ಮುಂಜಾನೆ ಬಚ್ಚಲಲ್ಲಿ ಅದರ ಕಾಗದ ಬಿಚ್ಚಿದಾಗ ಅತ್ತೆ, "ಇದ್ಯಾಕ ತಂದಿ? ಸುಮ್ಮನ ಖರ್ಚು" ಎಂದು ಗದರಿದರು. ಗದರುತ್ತಲೇ ಕೈ ಚಾಚಿ ಇಸಿದುಕೊಂಡು ಮೂಸಿದರು.

ಹೊರಗೆ ಮಳೆ ಹೊಡೆಯುತ್ತಿತ್ತು. ತಾಡಪತ್ರಿಯ ಮೇಲೆ ನೀರು ಬೀಳುವ ಸದ್ದಿನ ನಡುವೆ ನಮ್ಮ ಮನೆಯವರ ದನಿ ಬಂತು. ಹಲ್ಲು ಕಟಕಟಿಸುವುದೂ ಅದರಲ್ಲಿ ಕೇಳುತ್ತಿತ್ತು.

"ಅವ್ವಾ, ಮಳಿ ಹಿಡದೈತಿ. ಬಳ್ಳಿಗೆ ಯಾರ ನೀರೂ ಬೇಕಾಗಿಲ್ಲ ಇನ್ನ. ನಾಳಿಂದ ಆ ಪೈಪ್ ತಗದು ಎಲ್ಲಾರೂ ಮದಲಿನಂಗ ಒಳಗ ಹಿಟ್ಟ ಹಚ್ಕೊಳ್ಳೂಣೇನು?"

ಅತ್ತೆಯ ಎರಡೂ ಕೈ ತುಂಬ ಗುಲಾಬಿ ನೊರೆ. ನನ್ನ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ, ನರಳುವ ದನಿ ಮಾಡಿ ಕೂಗಿದರು.

"ಬ್ಯಾಡಪಾ. ಕಾಲು ಇನ್ನಾ ಪೂರಾ ಮಾಯ್ದಿಲ್ಲ."

"ಹೌದೇನ?" ಎಂದು ಅವರು ನನ್ನನ್ನು ಕೇಳಿದರು.

ಅವರ ಅವ್ವನ ಕಾಲು ಆಗ ನನ್ನ ತೊಡೆಯ ಮೇಲೇ ಇತ್ತು. ಐದೂ ಬೆರಳು, ಒಂದು ಕಲೆಯಿಲ್ಲದೆ, ತೊಳೆದಿಟ್ಟ ಹಾಗೆ ಇದ್ದವು.

"ಹೌದ್ರಿ" ಎಂದು ನಾನೂ ಕೂಗಿ ಹೇಳಿದೆ. "ಇನ್ನಾ ಒಂದೀಟು ದಿನ ಹಿಡೀತೈತ್ರಿ."